ಸುಯುಂಚುವಿಗೆ ಹೋದ ಕೋಮುಜ್

ಹಾಡಿಗೆ ಬಹುಮಾನ ಕೊಡುವವರು ಅದನ್ನು ನಿಜವಾಗಿ ಕೊಡುವ ಮೊದಲು ಒಮ್ಮೆ ಸುಳ್ಳುಸುಳ್ಳೇ ಕೊಟ್ಟು ಅಭ್ಯಾಸ ಮಾಡುತ್ತಾರಂತೆ. ಇದು ರಾಜಧಾನಿ ಬಿಷ್ಕೆಕ್‌ನ ಟಿವಿಯವರಿಗೆ ಗೊತ್ತು, ಹಾಡುವವರಿಗೆ ಗೊತ್ತು. ಕೊಚ್ಕೋರಿನ ಹಳ್ಳಿಯವರಾದ ನಮಗೆ ಮಾತ್ರ ಗೊತ್ತಿರಲಿಲ್ಲ. ಮದುವೆಗೆ ಮುಂಚೆ ಯಾರಾದರೂ ಸುಳ್ಳು ಮದುವೆ ಮಾಡಿ ನೋಡುತ್ತಾರೆಯೇ? ಕುರಿ ಕೊಯ್ಯುವ ಮುಂಚೆ ಸುಳ್ಳು ಕುರಿ ಕೊಯ್ಯುತ್ತಾರೆಯೇ? ನಗರದವರ ಬುದ್ಧಿಗೆ ಏನು ಹೇಳುವುದು. ಈ ಒಂದು ವಿಷಯ ನಮಗೆ ತಿಳಿದಿದ್ದರೆ ನಮ್ಮ ಮನೆಯ ಗೋಡೆ ಇವತ್ತು ಬೋಳಾಗಿರುತ್ತಿರಲಿಲ್ಲ.

ಆ ಗೋಡೆಯ ಮೇಲೆ ನನ್ನ ಮಾವನ ಕೋಮುಜ್ ಇತ್ತು. ಜರ್ದಾಳು ಮರದ ಒಂದೇ ತುಂಡನ್ನು ಕೊರೆದು ಮಾಡಿದ ವಾದ್ಯ, ಮೂರು ತಂತಿ. ಮಾವ ಊರಿನ ಸಂಗೀತ ಶಾಲೆಯಲ್ಲಿ ಮಕ್ಕಳಿಗೆ ಕಲಿಸುತ್ತಿದ್ದರು. ಅವರ ಹೆಬ್ಬೆರಳು ಆಡಿ ಆಡಿ ಅದರ ಕೊರಳಿನ ಒಂದು ಕಡೆ ನುಣ್ಣಗೆ ಸವೆದಿತ್ತು. ಅವರು ತೀರಿಕೊಂಡ ಮೇಲೆ ಅತ್ತೆ ಅದನ್ನು ಯಾರಿಗೂ ಮುಟ್ಟಲು ಬಿಡಲಿಲ್ಲ. ಶುಕ್ರವಾರ ಸತ್ತವರ ಹೆಸರಿನಲ್ಲಿ ಎಣ್ಣೆ ಕಾಯಿಸಿ ಹಿಟ್ಟಿನ ತುಂಡುಗಳ ಬೋರ್ಸೋಕ್ ಕರಿದಾದ ಮೇಲೆ ಕೈ ತೊಳೆದುಕೊಂಡು, ಕೋಮುಜ್ ಇಳಿಸಿ, ಒರೆಸಿ, ಆ ಸವೆದ ಜಾಗದ ಮೇಲೆ ಒಮ್ಮೆ ಬೆರಳಿಟ್ಟು ಮತ್ತೆ ನೇತುಹಾಕುತ್ತಿದ್ದರು. ಅತ್ತೆಯನ್ನು ನಾನೂ ಅವರ ಮಕ್ಕಳ ಹಾಗೆ ಆಪಾ, ಅಂದರೆ ಅಮ್ಮ, ಎಂದೇ ಕರೆದವಳು. ಅವರ ಹೆಸರನ್ನು ಈ ಮನೆಗೆ ಸೊಸೆಯಾಗಿ ಬಂದಂದಿನಿಂದ ಬಾಯಲ್ಲಿ ಆಡಿಲ್ಲ. ಈಗ ಅವರಿಲ್ಲ, ಆದರೂ ಆಡುವುದಿಲ್ಲ.

ಆಪಾಗೆ ಇಬ್ಬರು ಮಕ್ಕಳು. ದೊಡ್ಡವನು ನನ್ನ ಗಂಡ ತುರಾತ್, ದನಕುರಿಗಳ ಡಾಕ್ಟರು. ಚಿಕ್ಕವಳು ಬುರುಲ್ಚಾ. ಅಪ್ಪನ ಕೈಯಿಂದ ಕೋಮುಜ್ ಕಲಿತವಳು ಅವಳೊಬ್ಬಳೇ. ಬಿಷ್ಕೆಕ್‌ನಲ್ಲಿ ಮದುವೆ ಮನೆಗಳಲ್ಲಿ, ಹೋಟೆಲುಗಳಲ್ಲಿ ಹಾಡಿ ಬದುಕುತ್ತಿದ್ದಳು. ಆಪಾಗೆ ಅದು ಗಂಟಲಲ್ಲಿ ಸಿಕ್ಕಿದ ಮುಳ್ಳು. ಮಗಳು ಏನು ಮಾಡುತ್ತಾಳೆಂದು ಯಾರಾದರೂ ಕೇಳಿದರೆ "ಸಿಟೀಲಿದಾಳೆ" ಎಂದಷ್ಟೇ ಹೇಳಿ ಚಹಾ ಬಗ್ಗಿಸುತ್ತಿದ್ದರು.

ಆ ವರ್ಷ ಬುರುಲ್ಚಾ ತಾನೇ ಕಟ್ಟಿದ ಒಂದು ಹಾಡು ಊರೂರಲ್ಲಿ ಹಬ್ಬಿತು. ಟ್ಯಾಕ್ಸಿಯವರು ಹಾಕುತ್ತಿದ್ದರು, ಸಂತೆಯಲ್ಲಿ ಆಲೂಗಡ್ಡೆ ಮಾರುವವರು ಗುನುಗುತ್ತಿದ್ದರು. ಪ್ರತಿ ಡಿಸೆಂಬರ್‌ನಲ್ಲಿ ಟಿವಿಯಲ್ಲಿ ಬರುವ ‘ಚಿನ್ನದ ತಂತಿ’ ಬಹುಮಾನ ಸಮಾರಂಭದಲ್ಲಿ ವರ್ಷದ ಹಾಡಿನ ಪಟ್ಟಿಗೆ ಅವಳ ಹೆಸರು ಸೇರಿತು. ಸಮಾರಂಭಕ್ಕೆ ಎರಡು ವಾರ ಇರುವಾಗ ಅವಳು ಊರಿಗೆ ಬಂದಳು. ಬಂದವಳು ಕೋಟನ್ನೂ ಬಿಚ್ಚಲಿಲ್ಲ, ಗೋಡೆಯ ಕಡೆ ನೋಡಿದಳು.

"ಆಪಾ, ಅಪ್ಪನ ಕೋಮುಜ್ ಒಂದ್ಸಲ ತಗೊಂಡು ಹೋಗ್ಲಾ?"

"ಯಾವ ಹೋಟೆಲ್‌ಗೆ?"

"ಹೋಟೆಲ್ ಅಲ್ಲ ಆಪಾ, ಟಿವಿಗೆ. ದೇಶಾನೇ ನೋಡುತ್ತೆ."

"ನೋಡ್ಲಿ. ನಿಮ್ಮಪ್ಪ ಇದನ್ನ ಮಕ್ಕಳ ಮುಂದೆ ಬಾರಿಸ್ದೋರು, ಕುಡುಕರ ಮುಂದೆ ಬಾರಿಸ್ದೋರಲ್ಲ. ಅಲ್ಲಿ ದೀಪದ ಶಾಖಕ್ಕೆ ಮರ ಬಿರಿದ್ರೆ?"

ಬುರುಲ್ಚಾ ಕೋಟು ಬಿಚ್ಚಿ ನೇತುಹಾಕಿದಳು. ಊಟಕ್ಕೆ ಕೂತಾಗ ಮತ್ತೆ ಕೇಳಿದಳು. ಆಪಾ ಮಾಂಸದ ತಟ್ಟೆಯನ್ನು ಅವಳ ಕಡೆ ಸರಿಸಿ, "ತಿನ್ನು, ಸೊರಗಿದೀಯ" ಎಂದರು. ಹೊರಡುವಾಗ ಹೊಸ್ತಿಲಲ್ಲಿ ಬೂಟು ಹಾಕಿಕೊಳ್ಳುತ್ತ, ತಲೆ ತಗ್ಗಿಸಿಕೊಂಡೇ ಮೂರನೆಯ ಸಲ ಕೇಳಿದಳು. ಆಗ ಆಪಾ ಅವಳ ಶಾಲು ಸರಿಮಾಡಿ ಹೇಳಿದರು:

"ಬಹುಮಾನ ತಗೊಂಡು ಬಾ. ನಾನೇ ಈ ಕೈಯಾರೆ ಇಳಿಸಿ ಕೊಡ್ತೀನಿ. ಆಮೇಲೆ ಅದು ನಿಂದೇ."

"ಬರ್ದೇ ಇದ್ರೆ?"

"ಬರ್ದೇ ಇದ್ರೆ ಗೋಡೆ ಮೇಲೇ ಇರುತ್ತೆ. ಎಲ್ಲಿಗೆ ಓಡಿ ಹೋಗುತ್ತೆ ಅದು?"

ಬುರುಲ್ಚಾ ನಕ್ಕಳು. ಗೇಟಿನವರೆಗೆ ಬಿಡಲು ಹೋದ ನನಗೆ ಹೇಳಿದಳು: "ಅತ್ತಿಗೆ, ಆ ಬಹುಮಾನ ಯಾರಿಗೆ ಬೇಕು? ಅಪ್ಪ ತೊಡೆ ಮೇಲೆ ಕೂರಿಸ್ಕೊಂಡು ಬೆರಳು ಹಿಡಿದು ಕಲಿಸಿದ್ದು ಅದರ ಮೇಲೆ. ಆಪಾ ಕೈಯಿಂದ ಅದು ಸಿಕ್ಕಿದ್ರೆ, ನಾನು ಮಾಡ್ತಿರೋದು ಕೆಟ್ಟ ಕೆಲಸ ಅಲ್ಲ ಅಂತ ಅರ್ಥ. ಅಷ್ಟು ಸಾಕು ನಂಗೆ." ಅವಳಿಗೆ ಬೇಕಾಗಿದ್ದುದು ಇಷ್ಟೇ. ಇದು ನನಗೆ ಗೊತ್ತಿತ್ತು. ಆಪಾಗೂ ಗೊತ್ತಿತ್ತು ಎಂದೇ ನನ್ನ ನಂಬಿಕೆ. ಆದರೆ ಮಗಳಿಗೆ ಸುಲಭವಾಗಿ ಸೋಲುವ ತಾಯಂದಿರು ನಮ್ಮ ಕಡೆ ಕಡಿಮೆ.

ಸಮಾರಂಭದ ದಿನ ಬೆಳಗಿನಿಂದಲೇ ಹಿಮ ಬೀಳುತ್ತಿತ್ತು. ಕಾರ್ಯಕ್ರಮ ಸಂಜೆ ಏಳಕ್ಕೆ. ಇನ್ನೂ ಹೊತ್ತು ಮುಳುಗಿರಲಿಲ್ಲ, ಗೇಟಿನ ಹೊರಗೆ ಒಂದು ಕಾರು ಜಾರಿ, ಅಡ್ಡ ತಿರುಗಿ ನಿಂತ ಸದ್ದಾಯಿತು. ಬಾಗಿಲು ಹಾಕುವಷ್ಟೂ ವ್ಯವಧಾನವಿಲ್ಲದೆ ಒಬ್ಬ ಓಡಿ ಬಂದ.

"ಸುಯುಂಚು! ದೊಡ್ಡಮ್ಮಾ, ಸುಯುಂಚು!"

ಎಸೆನ್. ನನ್ನ ಮಾವನ ತಮ್ಮನ ಮಗ, ತಾಯಿ ಇರುವುದು ನಮ್ಮೂರಲ್ಲೇ. ಬಿಷ್ಕೆಕ್‌ನಲ್ಲಿ ದೊಡ್ಡ ದೊಡ್ಡ ಸಮಾರಂಭಗಳಿಗೆ ಧ್ವನಿಪೆಟ್ಟಿಗೆ, ದೀಪಗಳನ್ನು ಬಾಡಿಗೆಗೆ ಕೊಡುವವರ ಹತ್ತಿರ ಲಾರಿ ಓಡಿಸುತ್ತಿದ್ದ. ಮನಸ್ಸು ಬೆಣ್ಣೆ, ಬಾಯಿ ಮಾತ್ರ ಲಾರಿಯ ಹಾರನ್ನು. ಶುಭಸುದ್ದಿ ಹೊತ್ತು ತಂದವನು ಸುದ್ದಿಗೆ ಮುಂಚೆ ‘ಸುಯುಂಚು’ ಎಂದು ಕೂಗುವುದು, ಕೇಳಿದವರು ಅವನಿಗೆ ಏನಾದರೊಂದು ಕೊಡುವುದು ನಮ್ಮಲ್ಲಿ ಹಾಲು ಕುಡಿಯುವ ಕೂಸಿಗೂ ಗೊತ್ತು. ಮೊದಲು ತಂದವನಿಗೇ ಅದು. ಎರಡನೆಯವನಿಗೆ ಚಹಾ ಮಾತ್ರ.

ಆಪಾ ಹಿಟ್ಟಿನ ಕೈಯಲ್ಲೇ ಹೊರಗೆ ಬಂದರು. "ಏನೋ ಎಸೆನ್, ಹೆಂಡ್ತಿ ಹೆತ್ಲಾ?"

"ಅವಳು ಹೆರೋದು ಸುದ್ದಿನಾ ದೊಡ್ಡಮ್ಮ? ಅವಳು ವರ್ಷಾ ವರ್ಷಾ ಹೆರ್ತಾಳೆ. ಇದು ಬೇರೆ. ಮೊದ್ಲು ಏನು ಕೊಡ್ತೀಯ ಹೇಳು."

"ಕೊಡ್ತೀನಿ ಬೊಗಳೋ."

"ಬುರುಲ್ಚಾ ಗೆದ್ಲು! ವರ್ಷದ ಹಾಡು! ನನ್ನೀ ಎರಡು ಕಣ್ಣಾರೆ ನೋಡ್ದೆ. ಲಕೋಟೆ ಒಡೆದ್ರು, ಹೆಸರು ಓದಿದ್ರು, ಇವಳು ನೀಲಿ ಲಂಗ ಹಾಕ್ಕೊಂಡು ಮೆಟ್ಲು ಹತ್ತಿ ಹೋದ್ಲು, ಅವರು ಬಹುಮಾನ ಕೈಗೆ ಕೊಟ್ರು. ಮೇಲಿಂದ ಚಿನ್ನದ ಕಾಗದ ಉದುರ್ತು. ಜನ ಎದ್ದು ನಿಂತು ಚಪ್ಪಾಳೆ ಹೊಡೆದ್ರು. ನಾನು ಒಂದು ನಿಮಿಷ ನಿಲ್ಲಲಿಲ್ಲ. ಸ್ನೇಹಿತನ ಕಾರು ಕಿತ್ಕೊಂಡು ಬೋಮ್ ಕಣಿವೆ ಮಂಜುಗಡ್ಡೆ ಮೇಲೆ ಹಾರ್ಕೊಂಡು ಬಂದೆ. ಇನ್ಯಾರಾದ್ರೂ ಫೋನಲ್ಲಿ ಹೇಳ್ಬಿಟ್ರೆ ನನ್ನ ಸುಯುಂಚು ಗತಿ ಏನು?"

"ಕಾರ್ಯಕ್ರಮ ಏಳಕ್ಕಲ್ವಾ?" ಎಂದ ತುರಾತ್.

"ಅಣ್ಣಾ, ಟಿವಿಯವರದೆಲ್ಲ ಮುಂಚೇನೇ ಆಗಿರುತ್ತೆ. ಹೊಸ ವರ್ಷದ ದಿನ ರಾತ್ರಿ ಗ್ಲಾಸ್ ಎತ್ತಿ ಶುಭಾಶಯ ಅಂತಾರಲ್ಲ, ಅದನ್ನ ತೆಗೆಯೋದು ನವೆಂಬರ್‌ನಲ್ಲಿ. ನಾನೇ ದೀಪ ಹೊತ್ತಿಲ್ವಾ? ಇದನ್ನೂ ಬೆಳಿಗ್ಗೆ ಮುಗಿಸಿದ್ರು, ಸಂಜೆ ಹಾಕ್ತಾರೆ."

ಅವನು ಸುಳ್ಳು ಹೇಳಲಿಲ್ಲ. ಕಂಡದ್ದನ್ನೇ ಹೇಳಿದ. ತುರಾತ್ ತಂಗಿಗೆ ಫೋನ್ ಮಾಡಿದ. ಆಫ್ ಆಗಿತ್ತು. ಒಳಗೆ ಹೋದ ಮೇಲೆ ಫೋನ್ ಎತ್ತುವುದಿಲ್ಲ ಎಂದು ಅವಳೇ ಹೇಳಿದ್ದಳಲ್ಲ, ಯಾರಿಗೂ ಅನುಮಾನ ಬರಲಿಲ್ಲ.

ಆಪಾ ಹೊಸ್ತಿಲ ಮೇಲೆ ಕುಸಿದು ಕೂತರು. ಹಿಟ್ಟಿನ ಕೈಯಿಂದಲೇ ಮುಖ ಮುಚ್ಚಿಕೊಂಡರು. ಮೂಗು, ಕೆನ್ನೆ ಎಲ್ಲ ಬೆಳ್ಳಗಾಯಿತು. ನಾನು ಅವರ ಮನೆಗೆ ಬಂದು ಅಷ್ಟು ವರ್ಷವಾಗಿತ್ತು, ಮಾವ ಸತ್ತಾಗ ಬಿಟ್ಟರೆ ಅವರು ಅತ್ತದ್ದನ್ನು ನೋಡಿರಲಿಲ್ಲ. ಅಷ್ಟರಲ್ಲಿ ಗದ್ದಲ ಕೇಳಿ ಪಕ್ಕದ ಮನೆಯ ಝೂರಾ ಅಜ್ಜಿ ಬಂದಳು, ಎದುರು ಮನೆಯ ಕೆರಿಮ್‌ಬಾಯ್ ಅಜ್ಜ ಬಂದರು. ಝೂರಾ ಎಂದರೆ ನಮ್ಮ ಬೀದಿಯ ರೇಡಿಯೋ. ಅವಳಿಗೆ ತಿಳಿದದ್ದು ಊರಿಗೆ ತಿಳಿದ ಹಾಗೇ.

ಆಪಾ ಎದ್ದರು. ಏನು ಕೊಡುವುದೆಂದು ತಲೆಯ ಶಾಲಿಗೆ ಕೈ ಹಾಕಿದರು, ಬಿಟ್ಟರು. ಬೆರಳಿನ ಉಂಗುರ ಮುಟ್ಟಿದರು, ಅದನ್ನೂ ಬಿಟ್ಟರು. ಬಂದ ಸಂತೋಷದ ಮುಂದೆ ಎಲ್ಲವೂ ಅವರಿಗೆ ಚಿಕ್ಕದಾಗಿ ಕಂಡಿತೋ ಏನೋ. ಎಸೆನ್ ನಗುತ್ತ, "ಅಷ್ಟು ಯೋಚನೆ ಯಾಕೆ ದೊಡ್ಡಮ್ಮ? ಗೋಡೆ ಮೇಲಿನ ಕೋಮುಜ್ ಕೊಟ್ರೂ ನಾನೇನು ಬೇಡ ಅನ್ನಲ್ಲ" ಎಂದ. ತಮಾಷೆಗೆ. ಸುಯುಂಚು ಕೇಳುವವನು ಕುದುರೆ ಕೇಳಿ ಟೋಪಿ ತೆಗೆದುಕೊಂಡು ಹೋಗುವುದು ಇರುವುದೇ.

ಆಪಾ ಒಳಗೆ ಹೋದರು. ಹೊರಗೆ ಬಂದಾಗ ಅವರ ಎರಡೂ ಕೈಯಲ್ಲಿ ಕೋಮುಜ್ ಇತ್ತು.

"ಆಪಾ, ಅದು ಬುರುಲ್ಚಾಗೆ ಅಂತ..." ಎಂದೆ ನಾನು. ಸೊಸೆಯ ಅರ್ಧ ಮಾತು ನಮ್ಮ ಮನೆಗಳಲ್ಲಿ ಯಾವತ್ತೂ ಅರ್ಧವೇ.

"ಅವಳಿಗೆ ಇನ್ನಿದು ಯಾತಕ್ಕೆ? ಅವಳಿಗೆ ಚಿನ್ನದ್ದೇ ಸಿಕ್ತಲ್ಲ!" ಎಂದರು ಆಪಾ. ಮುಖ ಹದಿನೆಂಟರ ಹುಡುಗಿಯ ಹಾಗೆ ಹೊಳೆಯುತ್ತಿತ್ತು. "ಹಿಡ್ಕೋ ಎಸೆನ್. ನೀನೂ ಇದೇ ರಕ್ತ. ನಿನ್ನ ದೊಡ್ಡಪ್ಪ ಇದ್ದಿದ್ರೂ ಇದನ್ನೇ ಕೊಡ್ತಿದ್ರು."

ಎಸೆನ್‌ನ ನಗು ನಿಂತಿತು. "ಅಯ್ಯೋ ದೊಡ್ಡಮ್ಮ, ನಾನು ಸುಮ್ನೆ ಅಂದೆ. ಒಂದು ಟೋಪಿ ಕೊಡು ಸಾಕು."

"ಕೇಳಿದ ಮೇಲೆ ಕೇಳ್ದಂಗೇ. ಇವತ್ತು ನಾನು ಟೋಪಿ ಕೊಟ್ರೆ ನನ್ನ ಮಗಳ ಹೆಸರಿಗೆ ಟೋಪಿಯಷ್ಟೇ ಬೆಲೆ ಅಂತಾಗುತ್ತೆ."

ಕೆರಿಮ್‌ಬಾಯ್ ಅಜ್ಜ ಅಂಗೈ ಬಿಚ್ಚಿ ಹರಸಿದರು. ಎಲ್ಲರೂ ‘ಓಮಿನ್’ ಎಂದು ಮುಖ ಸವರಿಕೊಂಡೆವು. ಹಿರಿಯರ ಹರಕೆ ಬಿದ್ದ ಮೇಲೆ ಕೊಟ್ಟದ್ದು ಕೊಟ್ಟದ್ದೇ.

ಆಮೇಲೆ ಮನೆ ಮನೆಯಾಗಿ ಉಳಿಯಲಿಲ್ಲ. ತುರಾತ್ ಕುರಿ ಕೊಯ್ದ. ಝೂರಾ ಸೆರಗಿನ ತುಂಬ ಮಿಠಾಯಿ ತುಂಬಿಕೊಂಡು ಬಂದು ಅಂಗಳದಲ್ಲಿ ಎರಚಿದಳು, ಬೀದಿಯ ಮಕ್ಕಳೆಲ್ಲ ಹಿಮದಲ್ಲಿ ಬಿದ್ದು ಹೊರಳಾಡಿ ಹೆಕ್ಕಿದರು. ಬಂದ ಬಂದವರಿಗೆಲ್ಲ ಆಪಾ ತಾವೇ ಹೇಳುತ್ತಿದ್ದರು: "ನನ್ನ ಮಗಳು ಹಾಡ್ತಾಳೆ. ಗೊತ್ತಲ್ವಾ? ಬಿಷ್ಕೆಕ್‌ನಲ್ಲಿ ಹಾಡ್ತಾಳೆ." ‘ಸಿಟೀಲಿದಾಳೆ’ ಎಂದು ಚಹಾ ಬಗ್ಗಿಸುತ್ತಿದ್ದ ಬಾಯಿ ಅದು. ಆ ಮಾತನ್ನು ಬುರುಲ್ಚಾ ಒಮ್ಮೆ ಕೇಳಿದ್ದರೆ ಎಂದು ನನಗೆ ಇವತ್ತಿಗೂ ಅನಿಸುತ್ತದೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಅಂತ ಆಮೇಲೆ ಊರು ಆಡಿಕೊಂಡಿತು. ಆಡಿಕೊಂಡವರೆಲ್ಲ ಆ ಸಂಜೆ ನಮ್ಮ ಮನೆಯಲ್ಲಿ ಕುಲಾವಿ ಹೊಲಿಯಲು ಸೂಜಿ ಹಿಡಿದು ಕೂತವರೇ.

ಏಳಕ್ಕೆ ಟಿವಿ ಮುಂದೆ ಕಾಲಿಡಲು ಜಾಗವಿರಲಿಲ್ಲ. ನಾನು ಬಾಗಿಲ ಬಳಿ ಸಮೋವರ್ ಪಕ್ಕ ಚಹಾ ಬಗ್ಗಿಸುತ್ತ ಕೂತಿದ್ದೆ. ಒಳಗೆ ಅಡಿಗೆಮನೆಯಲ್ಲಿ ಮಾಂಸ ಬೇಯುತ್ತಿತ್ತು. ಎಸೆನ್ ಗೌರವದ ಜಾಗದಲ್ಲಿ, ಕೆರಿಮ್‌ಬಾಯ್ ಅಜ್ಜನ ಪಕ್ಕದಲ್ಲಿ ಕೂತಿದ್ದ. ಕೋಮುಜ್ ಅವನ ತೊಡೆಯ ಮೇಲಿತ್ತು.

"ಮೂಲೇಲಿ ನೇರ ಪ್ರಸಾರ ಅಂತ ಬರ್ತಿದ್ಯಲ್ಲೋ?" ಎಂದಳು ಝೂರಾ.

"ಅದನ್ನ ಸುಮ್ನೆ ಹಾಕ್ತಾರೆ ಅಜ್ಜಿ. ನಿಮ್ಮನೆ ಹಾಲಿಗೆ ನೀರಿಲ್ಲ ಅಂತ ನೀವು ಹೇಳಲ್ವಾ, ಹಾಗೆ."

ಎಲ್ಲರೂ ನಕ್ಕರು. ಝೂರಾ ಅವನ ಬೆನ್ನಿಗೆ ಗುದ್ದಿದಳು.

ಬುರುಲ್ಚಾ ಬಂದಳು. ನೀಲಿ ಲಂಗ, ಎಸೆನ್ ಹೇಳಿದ ಹಾಗೆಯೇ. ಯಾರದೋ ಹತ್ತಿರ ಎರವಲು ತಂದ, ವಾರ್ನಿಷ್ ಮಿಂಚುವ ಹೊಸ ಕೋಮುಜ್ ಹಿಡಿದು ಹಾಡಿದಳು. ಚೆನ್ನಾಗಿ ಹಾಡಿದಳು. ಆದರೆ ತಂತಿ ಮೀಟುವಾಗ ಅವಳ ಹೆಬ್ಬೆರಳು ಕೊರಳಿನ ಮೇಲೆ ಏನನ್ನೋ ಹುಡುಕಿ, ಸಿಗದೆ ಜಾರುತ್ತಿತ್ತು. ನನಗೇ ಕಂಡಿತು, ಆಪಾಗೆ ಕಾಣದೆ ಇರುತ್ತದೆಯೇ? "ಆ ಮರಕ್ಕೆ ದನಿಯಿಲ್ಲ," ಎಂದರು ಆಪಾ ಮೆಲ್ಲಗೆ. "ನಮ್ದೇ ಕೊಟ್ಟು ಕಳಿಸ್ಬೇಕಿತ್ತು." ಆಮೇಲೆ ತಾವೇ ಸಮಾಧಾನ ಮಾಡಿಕೊಂಡರು: "ಹೋಗ್ಲಿ, ಗೆದ್ದಾಯ್ತಲ್ಲ."

ವರ್ಷದ ಹಾಡಿನ ಸರದಿ ಬಂತು. ಕಪ್ಪು ಉಡುಪಿನ ಒಬ್ಬಳು ಲಕೋಟೆ ಹಿಡಿದು ಬಂದಳು. ಎಸೆನ್ ಬಾಯಿಗೆ ಒಯ್ಯುತ್ತಿದ್ದ ಬೋರ್ಸೋಕ್ ಅಲ್ಲೇ ನಿಂತಿತು.

"ಏನೋ?" ಎಂದ ತುರಾತ್.

"ಬೆಳಿಗ್ಗೆ ಒಡೆದಿದ್ದು ಬೋಳುತಲೆ ಗಂಡಸು," ಎಂದ ಎಸೆನ್. ಅವನ ದನಿಯನ್ನು ನಾನು ಅಷ್ಟು ಸಣ್ಣದಾಗಿ ಕೇಳಿದ್ದು ಅದೇ ಮೊದಲು.

ಅವಳು ಓಶ್ ಕಡೆಯ ಇಲಿಯಾಜ್ ಎಂಬ ಹುಡುಗನ ಹೆಸರು ಓದಿದಳು. ಮೇಲಿಂದ ಚಿನ್ನದ ಕಾಗದ ಉದುರಿತು, ಜನ ಎದ್ದು ನಿಂತರು. ಕ್ಯಾಮೆರಾ ಒಂದು ಗಳಿಗೆ ಬುರುಲ್ಚಾಳ ಮುಖ ತೋರಿಸಿತು. ಅವಳು ನಗುತ್ತ ಚಪ್ಪಾಳೆ ತಟ್ಟುತ್ತಿದ್ದಳು.

ನಮ್ಮ ಕೋಣೆಯಲ್ಲಿ ಮಿಠಾಯಿ ಚೀಪುವ ಮಕ್ಕಳ ಸದ್ದು ಬಿಟ್ಟು ಇನ್ನೇನೂ ಇರಲಿಲ್ಲ. "ಇನ್ನೊಂದು ದೊಡ್ಡದು ಇರ್ಬೇಕು ಕಣೇ, ಕೊನೇಲಿ ಕೊಡ್ತಾರೆ," ಎಂದಳು ಝೂರಾ. ಅವಳ ಬಾಯಿಂದ ಒಳ್ಳೆಯ ಮಾತು ಬರುವುದು ಅಪರೂಪ, ಬಂದಾಗಲೂ ನಿಜವಾಗಲಿಲ್ಲ. ಕೊನೆಯವರೆಗೂ ಕೂತೆವು. ಏನೂ ಬರಲಿಲ್ಲ. ಬೆಂದ ಮಾಂಸ ಬಡಿಸಿದೆ. ಸಂಭ್ರಮಕ್ಕೆ ಕೊಯ್ದ ಕುರಿಯನ್ನು ಎಲ್ಲರೂ ಸಾವಿನ ಮನೆಯ ಊಟದಂತೆ ತಲೆ ತಗ್ಗಿಸಿ ಉಂಡು, ಬೂಟು ಹುಡುಕಿಕೊಂಡು ಹೋದರು.

ಎಸೆನ್ ಕೋಮುಜನ್ನು ಆಪಾ ಮುಂದೆ ಇಟ್ಟು ನೆಲಕ್ಕೆ ಹಣೆ ಹಚ್ಚಿದ. "ಕಣ್ಣಾರೆ ನೋಡ್ದೆ ದೊಡ್ಡಮ್ಮ. ನನ್ನ ಮಕ್ಕಳಾಣೆಗೂ ನೋಡ್ದೆ."

"ನೋಡಿರ್ತೀಯ," ಎಂದರು ಆಪಾ. "ಅದನ್ನ ತಗೊಂಡು ಮನೆಗೆ ಹೋಗು. ನಿಮ್ಮಮ್ಮ ಕಾಯ್ತಿರ್ತಾಳೆ."

ಸ್ವಲ್ಪ ಹೊತ್ತಿಗೆ ಬುರುಲ್ಚಾಳ ಫೋನ್ ಬಂತು. ತುರಾತ್ ಎತ್ತಿ, ನೋಡಿದೆವು, ಚೆನ್ನಾಗಿ ಹಾಡಿದೆ ಎಂದ. ಅವಳು ನಗುತ್ತಲೇ ಮಾತಾಡುವುದು ನನಗೂ ಕೇಳಿಸುತ್ತಿತ್ತು. "ಅಣ್ಣಾ, ಬೆಳಿಗ್ಗೆ ಅಭ್ಯಾಸ ಮಾಡಿಸುವಾಗ ನನ್ನ ಹೆಸರನ್ನೇ ಓದಿದ್ರು ಗೊತ್ತಾ? ಮೆಟ್ಲು ಹತ್ತೋದು, ಬಹುಮಾನ ಹಿಡ್ಕೊಳೋದು, ಕೂತಿದ್ದವರು ಎದ್ದು ಚಪ್ಪಾಳೆ ಹೊಡೆಯೋದು ಎಲ್ಲ ಮಾಡ್ಸಿದ್ರು. ಊಟ ಆದ್ಮೇಲೆ ಇನ್ನೊಬ್ಬಳ ಹೆಸರಲ್ಲಿ ಮಾಡ್ಸಿದ್ರು. ಅಷ್ಟಾದ್ರೂ ಸಿಕ್ತು ಬಿಡು. ನಾಳೆ ಊರಿಗೆ ಬರ್ತೀನಿ. ಆಪಾಗೆ ಹೇಳು, ಬರಿಗೈಲಿ ಬರ್ತಿದೀನಿ, ಬೈಬೇಡ ಅಂತ." ತುರಾತ್ "ಬಾ" ಎಂದ. ಸುಯುಂಚುವಿನ ವಿಷಯ ಹೇಳಲು ಅವನಿಗೆ ಬಾಯಿ ಬರಲಿಲ್ಲ.

ಮರುದಿನ ಬೆಳಿಗ್ಗೆಯೇ ಎಸೆನ್ ಕೋಮುಜನ್ನು ಬಿಳಿ ಬಟ್ಟೆಯಲ್ಲಿ ಸುತ್ತಿಕೊಂಡು ಮತ್ತೆ ಬಂದ. ಕಣ್ಣು ಕೆಂಪಾಗಿದ್ದವು. ಮನೆಯಲ್ಲಿ ಅವನ ತಾಯಿ ಚೆನ್ನಾಗಿ ಉಗಿದಿರಬೇಕು. ಝೂರಾ, ಕೆರಿಮ್‌ಬಾಯ್ ಅಜ್ಜ ಇಬ್ಬರೂ ಅಂಗಳದಲ್ಲಿದ್ದರು. ಆಪಾಗೆ ಸಮಾಧಾನ ಹೇಳಲು ಬಂದು, ಏನು ಹೇಳಬೇಕೆಂದು ತಿಳಿಯದೆ ಹವಾಮಾನದ ಮಾತು ಆಡುತ್ತಿದ್ದರು.

"ದೊಡ್ಡಮ್ಮ, ಸುದ್ದಿ ಸುಳ್ಳಾದ್ಮೇಲೆ ಸುಯುಂಚು ಎಲ್ಲಿಯದು? ತಗೋ."

"ನಾನು ಕೊಟ್ಟಿದ್ದು ಸುಳ್ಳಲ್ವಲ್ಲ."

"ನಂಗೆ ಬಾರ್ಸಕ್ಕೂ ಬರಲ್ಲ. ಬುರುಲ್ಚಾಗೆ ಬೇಕಾಗಿತ್ತಂತೆ. ಈ ಪಾಪದಿಂದ ನನ್ನನ್ನ ಬಿಡಿಸು."

ಆಪಾ ಅವನ ಕೈಯನ್ನು ಹಿಂದಕ್ಕೆ ತಳ್ಳಿದರು. "ಸಂತೋಷಕ್ಕೆ ಅಂತ ಕೊಟ್ಟಿದ್ದನ್ನ ವಾಪಸ್ ತಗೊಂಡ್ರೆ ಆ ಸಂತೋಷ ಆ ಮನೆ ಕಡೆ ಇನ್ನು ತಿರುಗಿ ನೋಡಲ್ಲ ಅಂತಾರೆ. ನನ್ನ ಮಗಳಿಗೆ ಯಾವತ್ತೂ ಏನೂ ಸಿಗ್ಬಾರ್ದು ಅಂತೀಯಾ? ಇದು ನಿನ್ನ ಹತ್ರ ಇರೋವರೆಗೂ ಅವಳಿಗೆ ಒಂದು ಬರೋದು ಬಾಕಿ ಇದೆ ಅಂತ ನಾನು ತಿಳ್ಕೊತೀನಿ."

ಎಸೆನ್ ಸುತ್ತಿದ ಬಟ್ಟೆಯನ್ನು ಎದೆಗೆ ಹಿಡಿದುಕೊಂಡು ನಿಂತ. ಆಗಲೇ ಗೇಟಿನ ಹತ್ತಿರ ಟ್ಯಾಕ್ಸಿ ನಿಂತು ಬುರುಲ್ಚಾ ಇಳಿದಳು.

ಅವಳು ನೋಡಿದ್ದು ಏನೆಂದರೆ, ಅಂಗಳದ ನಡುವೆ ಅವಳ ತಾಯಿ, ಪಕ್ಕದಲ್ಲಿ ಊರಿನ ಹಿರಿಯರು, ಎಸೆನ್‌ನ ಕೈಯಲ್ಲಿ ಬಿಳಿ ಬಟ್ಟೆ, ಬಟ್ಟೆಯ ಸಂದಿಯಿಂದ ಇಣುಕುತ್ತಿದ್ದ ಜರ್ದಾಳು ಮರದ ಕೊರಳು. ಅವಳು ಅಲ್ಲೇ ನಿಂತಳು. ಕೈಯ ಚೀಲ ಹಿಮಕ್ಕೆ ಬಿತ್ತು.

"ಆಪಾ... ಇಳಿಸಿದ್ಯಾ?" ಅವಳ ದನಿ ಚಿಕ್ಕ ಹುಡುಗಿಯ ದನಿಯಾಗಿತ್ತು. "ನಾನು ಸೋತು ಬಂದ್ರೂ ಕೊಡ್ತಿದೀಯಾ?"

ಎಸೆನ್ ಆ ಬಟ್ಟೆಯನ್ನು ಅವಳ ಕಡೆಗೆ ಅರ್ಧ ಚಾಚಿದ. ಕಣ್ಣು ಮಾತ್ರ ಆಪಾ ಮೇಲಿತ್ತು. ಕೆರಿಮ್‌ಬಾಯ್ ಅಜ್ಜ ಬೇಲಿಯಾಚೆಯ ಮರಗಳನ್ನು ಈವರೆಗೆ ನೋಡದವರಂತೆ ನೋಡತೊಡಗಿದರು. ಝೂರಾ ಹುಟ್ಟಿದಾರಭ್ಯ ಮೊದಲ ಸಲ ಬಾಯಿ ಮುಚ್ಚಿಕೊಂಡಿದ್ದಳು. ಎಲ್ಲರೂ ಕಾಯುತ್ತಿದ್ದುದು ಒಂದೇ ಒಂದು ‘ಹೂಂ’ಗೆ. ಹೇಳಿ ಆಪಾ, ಹೂಂ ಅಂತ ಹೇಳಿಬಿಡಿ ಎಂದು ನಾನು ಒಳಗೊಳಗೇ ದೇವರಿಗೆ ಮೊರೆಯಿಟ್ಟೆ.

ಆಪಾ ಒಮ್ಮೆ ಮಗಳನ್ನು ನೋಡಿದರು, ಒಮ್ಮೆ ಝೂರಾಳನ್ನು ನೋಡಿದರು.

"ಅದು ಎಸೆನ್‌ದು," ಎಂದರು. "ಸುಯುಂಚುಗೆ ಕೊಟ್ಟಿದ್ದು."

"ಸುಯುಂಚುಗಾ? ಯಾವ ಸುದ್ದಿಗೆ?"

ಬುರುಲ್ಚಾ ಅಂಗಳದ ಹಿಮದಲ್ಲಿ ಅಲ್ಲಲ್ಲಿ ಅಂಟಿಕೊಂಡಿದ್ದ ಮಿಠಾಯಿ ಕಾಗದ ನೋಡಿದಳು. ಬೇಲಿಯ ಮೇಲೆ ಹರಡಿದ್ದ ಹಸಿ ಕುರಿಚರ್ಮ ನೋಡಿದಳು. ಎಸೆನ್‌ನ ಮುಖ ನೋಡಿದಳು. ಅವನು ಸಭಾಂಗಣದಲ್ಲಿ ಹಿಂದಿನ ದಿನ ಬೆಳಿಗ್ಗೆ ಧ್ವನಿಪೆಟ್ಟಿಗೆ ಇಳಿಸುತ್ತಿದ್ದುದು ಅವಳಿಗೆ ನೆನಪಾಗಿರಬೇಕು. ಅವಳಿಗೆ ಎಲ್ಲ ಅರ್ಥವಾಯಿತು.

"ನಾನು ಮೂರು ಸಲ ಕೇಳಿದ್ದೆ ಆಪಾ," ಎಂದಳು. ಸಿಟ್ಟಿನಿಂದಲ್ಲ. ಸಿಟ್ಟು ಮಾಡಿದ್ದರೆ ಚೆನ್ನಾಗಿತ್ತು. ಸಿಟ್ಟಿಗೆ ಆಪಾ ಬಳಿ ಉತ್ತರವಿರುತ್ತಿತ್ತು.

ಅವಳು ಎಸೆನ್ ಹತ್ತಿರ ಹೋಗಿ ಬಟ್ಟೆ ಬಿಚ್ಚಿ ಕೋಮುಜ್ ತೆಗೆದುಕೊಂಡಳು. ಚಳಿಗೆ ತಂತಿಗಳು ಸಡಿಲವಾಗಿದ್ದವು, ನಿಂತಲ್ಲೇ ಬಿಗಿ ಮಾಡಿದಳು. ಅಪ್ಪ ಮಕ್ಕಳಿಗೆ ಮೊದಲ ಪಾಠದಲ್ಲಿ ಕಲಿಸುತ್ತಿದ್ದ ಒಂದು ಪುಟ್ಟ ಧಾಟಿ ಇತ್ತು. ಅದನ್ನು ಬಾರಿಸಿದಳು. ಹೆಬ್ಬೆರಳು ಸವೆದ ಜಾಗಕ್ಕೆ ತಾನಾಗಿಯೇ ಹೋಗಿ ಕೂತಿತು. ಹಿಂದಿನ ದಿನ ಟಿವಿಯಲ್ಲಿ ದೇಶವೆಲ್ಲ ಕೇಳಿದ್ದಕ್ಕಿಂತ ಅದು ಎಷ್ಟೋ ಮೇಲಿತ್ತು, ನಾವು ನಾಲ್ಕೈದು ಜನ ಮಾತ್ರ ಕೇಳಿದೆವು. ಮುಗಿಸಿ, ಎರಡೂ ಕೈಯಲ್ಲಿ ಎಸೆನ್‌ಗೆ ವಾಪಸ್ ಕೊಟ್ಟಳು.

"ಒಲೆ ಹತ್ರ ನೇತುಹಾಕ್ಬೇಡ ಎಸೆನ್. ಮರ ಬಿರಿಯುತ್ತೆ."

"ನೀನೇ ಇಟ್ಕೊಳೇ," ಎಂದ ಅವನು. ಅಳುತ್ತಿದ್ದ.

"ಬೇಡ. ಕೊಡ್ಬೇಕಾದೋರು ನಿಂಗೆ ಕೊಟ್ಟಿದಾರೆ."

ಆಮೇಲೆ ಒಳಗೆ ಬಂದು ಚಹಾ ಕುಡಿದಳು, ತಾಯಿಯ ಮಂಡಿ ನೋವು ವಿಚಾರಿಸಿದಳು, ನನ್ನ ಮಕ್ಕಳಿಗೆ ತಂದ ಕೈಗವಸು ಕೊಟ್ಟಳು. ಸಂಜೆ ಟ್ಯಾಕ್ಸಿ ಹತ್ತಿದಳು. ಅವಳು ಬರುವುದನ್ನು ನಿಲ್ಲಿಸಲಿಲ್ಲ. ಹಬ್ಬಕ್ಕೆ ಬಂದಳು, ಆಪಾಗೆ ಹುಷಾರಿಲ್ಲದಾಗ ಬಂದು ವಾರಗಟ್ಟಲೆ ಇದ್ದಳು. ಆದರೆ ಬಂದಾಗಲೆಲ್ಲ ಆ ಗೋಡೆಗೆ ಬೆನ್ನು ಹಾಕಿ ಕೂರುತ್ತಿದ್ದಳು. ಏನನ್ನೂ ಮತ್ತೆ ಕೇಳಲಿಲ್ಲ, ಇನ್ನೊಂದು ಬಟ್ಟಲು ಚಹಾವನ್ನು ಸಹ.

‘ಚಿನ್ನದ ತಂತಿ’ಯ ಪಟ್ಟಿಗೆ ಅವಳ ಹೆಸರು ಮತ್ತೆ ಬರಲಿಲ್ಲ. ಹೊಸ ಹುಡುಗರು ಬಂದರು, ಹೊಸ ಹಾಡುಗಳು ಬಂದವು. ಅವಳು ಮದುವೆ ಮನೆಗಳಲ್ಲಿ ಹಾಡುತ್ತಲೇ ಇದ್ದಳು. ಆಪಾ ಮಾತ್ರ ಪ್ರತಿ ಡಿಸೆಂಬರ್ ಅದೇ ಸಂಜೆ ಟಿವಿ ಮುಂದೆ ಕೂರುತ್ತಿದ್ದರು. ಕೂರುವ ಮುಂಚೆ ಕಿವಿಯ ಬೆಳ್ಳಿ ಓಲೆಗಳನ್ನು ಬಿಚ್ಚಿ ಅಂಗಿಯ ಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದರು. ಹೊರಗೆ ಯಾವುದಾದರೂ ಗಾಡಿ ನಿಧಾನ ಮಾಡಿದರೆ ಅವರ ಕೈ ಜೇಬಿಗೆ ಹೋಗುತ್ತಿತ್ತು. ಗಾಡಿ ಮುಂದೆ ಹೋದ ಮೇಲೆ ಕೈ ಹೊರಗೆ ಬರುತ್ತಿತ್ತು. ನಾನು ನೋಡಿಯೂ ನೋಡದವಳಂತೆ ಚಹಾ ಬಗ್ಗಿಸುತ್ತಿದ್ದೆ.

ಕಳೆದ ಚಳಿಗಾಲ ಅವರು ಹಾಸಿಗೆ ಹಿಡಿದಿದ್ದರು. ಆದರೂ ಟಿವಿ ಹಚ್ಚು ಎಂದರು. ಹಚ್ಚಿ, ದಿಂಬು ಎತ್ತರಿಸಿ ಪಕ್ಕದಲ್ಲಿ ಕೂತೆ. ಹಾಡುಗಳು ಒಂದಾದ ಮೇಲೊಂದು ಬಂದು ಹೋದವು. ಆಪಾ ನೋಡುತ್ತಿದ್ದುದು ಟಿವಿಯನ್ನಲ್ಲ, ಗೋಡೆಯಲ್ಲಿ ಉಳಿದಿದ್ದ ಮೊಳೆಯನ್ನು.

"ಮಗಳೇ, ಆವತ್ತು ಅಂಗಳದಲ್ಲಿ ನಾನು ಹೂಂ ಅಂದಿದ್ರೆ ಎಸೆನ್ ಸುಮ್ನಿರ್ತಿದ್ನಾ?"

ಇಷ್ಟು ವರ್ಷದಲ್ಲಿ ಆ ಮಾತು ಎತ್ತಿದ್ದು ಅದೇ ಮೊದಲು. ನನಗೆ ಯಾವತ್ತು, ಯಾವ ಅಂಗಳ ಎಂದು ಕೇಳಬೇಕಾಗಿರಲಿಲ್ಲ.

"ಇರ್ತಿದ್ದ ಆಪಾ. ಅವನು ಬಂದಿದ್ದೇ ಕೊಡಕ್ಕೆ."

"ಕೆರಿಮ್‌ಬಾಯ್?"

"ಅವರೂ ಸುಮ್ನಿರ್ತಿದ್ರು."

"ಝೂರಾ?"

"ಝೂರಾ ಅಜ್ಜೀನೂ ಇರ್ತಿದ್ಲು. ಅವಳು ಆವತ್ತು ಬಾಯಿ ಬಿಡ್ತಿರಲಿಲ್ಲ."

ಆಪಾ ಮತ್ತೆ ಮೊಳೆಯ ಕಡೆ ನೋಡಿದರು. ಆಮೇಲೆ ಕೇಳಿದರು:

"ಹಾಗಾದ್ರೆ ನಾನು ಹೆದರಿದ್ದು ಯಾರಿಗೆ?"

ಅವರ ಕೈ ಹಿಡಿದುಕೊಂಡೆ. ಟಿವಿಯಲ್ಲಿ ಯಾರದೋ ಹೆಸರು ಓದಿದರು, ಚಿನ್ನದ ಕಾಗದ ಉದುರಿತು. ಆಪಾ ಜೇಬಿಗೆ ಕೈ ಹಾಕಿ ಓಲೆಗಳನ್ನು ತೆಗೆದು ನನ್ನ ಅಂಗೈಯಲ್ಲಿಟ್ಟರು.

"ಇವನ್ನ ಬುರುಲ್ಚಾಗೆ ಕೊಡು. ಗೆದ್ದಿದ್ದಕ್ಕಲ್ಲ, ಯಾವ ಸುದ್ದಿಗೂ ಅಲ್ಲ. ಸುಮ್ನೆ ಕೊಟ್ರು ಅಂತ ಹೇಳು."

"ಅವಳು ನಾಳಿದ್ದು ಬರ್ತಾಳೆ ಆಪಾ. ನೀವೇ ಕೊಡಿ."

"ನಾನು ಕೊಡೋದನ್ನ ಮುಂದಕ್ಕೆ ಹಾಕ್ದೋಳು," ಎಂದರು. "ನೀನೇ ಇಟ್ಕೊಂಡಿರು."

ಬುರುಲ್ಚಾ ಬರುವ ಹೊತ್ತಿಗೆ ಅವರು ಹೋಗಿದ್ದರು. ಓಲೆ ಕೊಟ್ಟೆ, ಅವರು ಹೇಳಿದ್ದನ್ನೂ ಹೇಳಿದೆ. ಅವಳು ಅಲ್ಲೇ ಹಾಕಿಕೊಂಡಳು. ನಲವತ್ತನೆಯ ದಿನದ ಊಟಕ್ಕೆ ಎಸೆನ್ ಬಿಳಿ ಬಟ್ಟೆ ಸುತ್ತಿದ ಕೋಮುಜನ್ನು ಮತ್ತೆ ತಂದಿದ್ದ. ಅವಳು ಅದರ ಕೊರಳಿನ ಮೇಲೆ ಒಮ್ಮೆ ಬೆರಳಿಟ್ಟು, ಬಟ್ಟೆ ಸರಿಯಾಗಿ ಸುತ್ತಿ, ಅವನ ಕಾರಿನಲ್ಲೇ ಇಟ್ಟು ಬಂದಳು.